ಹಸುರು ಹಂದರದ ಬೆಳಕಿನ ಲೆಕ್ಕ

ಕಾಡು ಎಂದೊಡನೆ ಕನ್ನಡ ನಾಡಿನ ಬಹುಮಂದಿಯ ಮನಸ್ಸಿನಲ್ಲಿ ಮೂಡುವುದು ಮಲೆನಾಡಿನ ಚಿತ್ರ. ಬಿಸಿಲು ನೆಲಕ್ಕಿಳಿಯದಂತೆ ಒತ್ತಾಗಿ ಬೆಳೆದ ಮರಗಳು, ಅವುಗಳ ನಡುವೆ ಹರಿಯುವ ತೊರೆಗಳು, ವರ್ಷವಿಡೀ ಬಾಡದ ಹಸುರು. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಕಾಡು ಅಂಥದಲ್ಲ. ಇಲ್ಲಿ ಉರುಟು ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಕಣಶಿಲೆಯ ಬೆಟ್ಟಗಳಿವೆ. ಅವುಗಳ ಇಳಿಜಾರಿನಲ್ಲಿ ತೆಳ್ಳನೆಯ ಕೆಂಪು ಮಣ್ಣು ಇದೆ. ಕೆಳಗೆ ಕೃಷ್ಣಾ ಭೀಮಾ ನದಿಗಳ ನಡುವೆ ಹರಡಿದ ಎರೆಭೂಮಿ ಇದೆ. ದಿಂಡಿಗ, ಕಗ್ಗಲಿ, ಮುತ್ತುಗ, ಬೇವು ಮೊದಲಾದ ಮರಗಳು ಒಂದಕ್ಕೊಂದು ದೂರದೂರವಾಗಿ ನಿಂತಿರುತ್ತವೆ. ನಡುವೆ ತಂಗಡಿ, ಬಾರೆ, ಸೀತಾಫಲಗಳ ಪೊದೆಗಳು. ಬೇಸಗೆ ಬಂತೆಂದರೆ ಇವುಗಳಲ್ಲಿ ಹೆಚ್ಚಿನವು ಎಲೆ ಉದುರಿಸಿ ಬೋಳಾಗುತ್ತವೆ. ಹೊರಗಿನವರು ಇದನ್ನು ಕುರುಚಲು ಎಂದು ಕರೆದು ಮುಂದೆ ಸಾಗುತ್ತಾರೆ. ಕುರಿಗಾರರಿಗೆ ಮಾತ್ರ ಇದು ಮೇವಿನ ಭೂಮಿ. ಊರಿನವರಿಗೆ ಉರುವಲು, ಹಣ್ಣು, ಎಲೆ ಕೊಡುವ ಅಡವಿ.

ಇಂಥ ನೆಲವನ್ನು ಆಕಾಶದಿಂದ ನೋಡುವ ಕೃತಕ ಉಪಗ್ರಹವು ಕಾಡೆಂದು ಎಣಿಸುವುದೋ ಬರಡೆಂದು ಎಣಿಸುವುದೋ? ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ಉತ್ತರದಿಂದಾಗುವ ಪರಿಣಾಮ ಸಣ್ಣದಲ್ಲ. ದೆಹರಾದೂನಿನಲ್ಲಿ 1981ರಲ್ಲಿ ಸ್ಥಾಪಿತವಾದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ನೂರಕ್ಕೆ ಹತ್ತು ಪಾಲಾದರೂ ಮರದ ನೆತ್ತಿಗಳಿಂದ ಮುಚ್ಚಿದ್ದರೆ ಅದನ್ನು ಅರಣ್ಯಾವರಣವೆಂದು ಲೆಕ್ಕ ಹಾಕುತ್ತದೆ. ಹತ್ತರಿಂದ ನಲವತ್ತರವರೆಗೆ ತೆರವು ಕಾಡು. ನಲವತ್ತರಿಂದ ಎಪ್ಪತ್ತರವರೆಗೆ ಸಾಧಾರಣ ದಟ್ಟ ಕಾಡು. ಅದಕ್ಕೂ ಮೇಲ್ಪಟ್ಟದ್ದು ಅತಿ ದಟ್ಟ ಕಾಡು. ಅರಣ್ಯವೆಂದು ಗುರುತಾದ ನೆಲದಲ್ಲಿ ಹತ್ತಕ್ಕಿಂತ ಕಡಿಮೆಯಿದ್ದುದು ಕುರುಚಲಿನ ಪಟ್ಟಿಗೆ ಸೇರುತ್ತದೆ. ಐದು ಮೀಟರ್ ಅಗಲದ ನೆತ್ತಿಯುಳ್ಳ ಮರವೊಂದು ಸುಮಾರು ಇಪ್ಪತ್ತು ಚದರ ಮೀಟರ್ ನೆಲವನ್ನು ಮುಚ್ಚುತ್ತದೆ. ಆ ಲೆಕ್ಕದಂತೆ ಹೆಕ್ಟೇರೊಂದರಲ್ಲಿ ಅಂಥ ಐವತ್ತು ಮರಗಳಿದ್ದರೆ ಅದು ಕಾಡಿನ ಹೊಸ್ತಿಲಲ್ಲಿ ನಿಂತಿತು. ನಲವತ್ತೇ ಇದ್ದರೆ ಹೊರಗುಳಿಯಿತು. ಯಾದಗಿರಿ ಸೀಮೆಯ ಬೆಟ್ಟಗಳ ಬಹುಭಾಗ ಈ ಹೊಸ್ತಿಲಿನ ಆಚೀಚೆಯೇ ಇರುವುದರಿಂದ, ಎಣಿಕೆಯಲ್ಲಿ ಆಗುವ ಅಲ್ಪ ದೋಷವೂ ನಕ್ಷೆಯ ಬಣ್ಣವನ್ನು ಬದಲಿಸಬಲ್ಲದು.

ಇದು ಬರಿಯ ಊಹೆಯಲ್ಲ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವು 1972ರ ಜುಲೈಯಲ್ಲಿ ಮೇಲೇರಿದ ಬಳಿಕ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದನ ಸಂಸ್ಥೆಯು ಅಂಥ ಚಿತ್ರಗಳಿಂದ ಇಡೀ ದೇಶದ ಕಾಡನ್ನು ಅಳೆಯಿತು. 1972–75ರಲ್ಲಿ ದೇಶದ ನೆಲದ ನೂರಕ್ಕೆ ಸುಮಾರು 17 ಪಾಲು ಕಾಡಿದ್ದುದು 1980–82ರ ವೇಳೆಗೆ ಸುಮಾರು 14ಕ್ಕೆ ಇಳಿದಿದೆ ಎಂಬುದು ಅದರ ತೀರ್ಮಾನವಾಗಿತ್ತು. ಅರಣ್ಯ ಸರ್ವೇಕ್ಷಣ ಸಂಸ್ಥೆಯು 1987ರಲ್ಲಿ ತನ್ನ ಮೊದಲ ವರದಿಯನ್ನು ಹೊರತಂದಾಗ ಹೆಚ್ಚು ಕಡಿಮೆ ಅದೇ ಕಾಲದ ಚಿತ್ರಗಳಿಂದ ಸುಮಾರು 19.5 ಎಂಬ ಅಂಕಿ ಬಂದಿತು. ಎರಡು ಅಂಕಿಗಳ ನಡುವಣ ಅಂತರ ಒಂದೂಮುಕ್ಕಾಲು ಕೋಟಿ ಹೆಕ್ಟೇರಿನಷ್ಟು. ಕೊನೆಗೆ ಎರಡು ಸಂಸ್ಥೆಗಳೂ ಒಟ್ಟಿಗೆ ಕುಳಿತು ಅಂಕಿಗಳನ್ನು ಹೊಂದಿಸಿಕೊಳ್ಳಬೇಕಾಯಿತು. ಕಾಡು ಎಲ್ಲಿತ್ತೋ ಅಲ್ಲಿಯೇ ಇತ್ತು. ಭಿನ್ನತೆಯಿದ್ದುದು ಚಿತ್ರವನ್ನು ಓದಿದ ಬಗೆಯಲ್ಲಿ.

ಚಿತ್ರವನ್ನು ಓದುವುದೆಂದರೇನು? ಉಪಗ್ರಹದ ಕಣ್ಣು ಮರವನ್ನು ಕಾಣುವುದಿಲ್ಲ. ಅದಕ್ಕೆ ತಲುಪುವುದು ನೆಲದಿಂದ ಹಿಂದಿರುಗಿದ ಬೆಳಕು ಮಾತ್ರ. ಲ್ಯಾಂಡ್‌ಸ್ಯಾಟ್ ಸರಣಿಯ ಈಚಿನ ಉಪಗ್ರಹಗಳು ನೆಲವನ್ನು ಮೂವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲದ ಚೌಕಗಳಾಗಿ ಹಂಚಿಕೊಂಡು, ಒಂದೊಂದು ಚೌಕಕ್ಕೂ ಬಣ್ಣಕ್ಕೊಂದರಂತೆ ಕೆಲವೇ ಅಂಕಿಗಳನ್ನು ಕೊಡುತ್ತವೆ. ಈ ಚೌಕಕ್ಕೆ ಚಿತ್ರಕಣವೆಂದು ಹೆಸರು. ಚಿತ್ರಕಣದೊಳಗೆ ಎಷ್ಟು ಮರ, ಎಷ್ಟು ಮಣ್ಣು, ಎಷ್ಟು ಬಂಡೆ, ಎಷ್ಟು ನೆರಳು ಎಂಬುದೆಲ್ಲವೂ ಆ ಅಂಕಿಗಳಲ್ಲಿ ಕಲಸಿಹೋಗಿರುತ್ತದೆ.

ಎಲೆಯು ಬೆಳಕಿನೊಡನೆ ನಡೆದುಕೊಳ್ಳುವ ರೀತಿ ಒಂದು ವಿಶೇಷ. ಪತ್ರಹರಿತ್ತು ತನ್ನ ಆಹಾರ ತಯಾರಿಕೆಗಾಗಿ ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಹಸುರನ್ನು ಸ್ವಲ್ಪ ಹೆಚ್ಚಾಗಿ ಬಿಟ್ಟುಕೊಡುತ್ತದೆ. ಎಲೆ ಹಸುರಾಗಿ ಕಾಣುವುದು ಹೀಗೆ. ಆದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಎಲೆಗೆ ಬೇಡ. ಎಲೆಯ ಒಳಗಿನ ಜೀವಕೋಶಗಳ ನಡುವೆ ಇರುವ ಗಾಳಿಯ ಸಂದುಗಳಲ್ಲಿ ಅದು ಪುಟಿದು ಪುಟಿದು, ಅರ್ಧದಷ್ಟು ಮೇಲಕ್ಕೆ ಮರಳುತ್ತದೆ, ಉಳಿದುದರಲ್ಲಿ ಹೆಚ್ಚಿನದು ಕೆಳಕ್ಕೆ ದಾಟಿಹೋಗುತ್ತದೆ. ಆರೋಗ್ಯವಾದ ಎಲೆಯು ಕೆಂಪಿನಲ್ಲಿ ಕಪ್ಪು, ಅವಕೆಂಪಿನಲ್ಲಿ ಬೆಳ್ಳಗೆ ಎಂದು ಹೇಳಿದರೆ ತಪ್ಪಾಗದು. ಭಾರತದಲ್ಲಿ ದೂರಸಂವೇದನೆಯ ಮೊದಲ ಪ್ರಯೋಗವೇ ಈ ಗುಣವನ್ನು ನೆಚ್ಚಿತ್ತು. 1970ರಲ್ಲಿ ಪಿ. ಆರ್. ಪಿಶಾರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಯಿಸಿ, ಬೇರುರೋಗ ತಗುಲಿದ ಮರಗಳನ್ನು ಗುರುತಿಸಿದರು. ಮುಂದೆ 1988ರ ಮಾರ್ಚ್ 17ರಂದು, ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರು ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, ದೇಶದ ಸ್ವಂತ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಬೈಕನೂರಿನಿಂದ ಹಾರಿತು.

ಒಂದು ಎಲೆಯ ಲೆಕ್ಕ ಸುಲಭ. ಕಾಡಿನ ಲೆಕ್ಕ ಸುಲಭವಲ್ಲ. ಮರಗಳ ನೆತ್ತಿಗಳು ಸೇರಿ ಮೇಲ್ಗಡೆ ಉಂಟಾಗುವ ಹರವನ್ನು ಹಸುರು ಹಂದರವೆಂದು ಕರೆಯಬಹುದು. ಅದರೊಳಕ್ಕೆ ಹೊಕ್ಕ ಬೆಳಕು ಮೇಲಿನ ಎಲೆಯಿಂದ ಕೆಳಗಿನ ಎಲೆಗೆ, ಅಲ್ಲಿಂದ ಕೊಂಬೆಗೆ, ನೆಲಕ್ಕೆ, ಮತ್ತೆ ಎಲೆಗೆ ಬಡಿಯುತ್ತ ಕೊನೆಗೊಮ್ಮೆ ಹೊರಬರುತ್ತದೆ. ಈ ಅಲೆದಾಟವನ್ನು ಸೂತ್ರಗಳಲ್ಲಿ ಹಿಡಿದಿಡುವ ಗಣಿತ ಮಾದರಿಗಳೇ ಹಂದರದ ಪ್ರತಿಫಲನ ಮಾದರಿಗಳು. ಇಷ್ಟು ಎಲೆ, ಇಂಥ ಮಣ್ಣು, ಸೂರ್ಯ ಇಷ್ಟು ಎತ್ತರದಲ್ಲಿ, ನೋಡುವ ಕಣ್ಣು ಇಂಥ ದಿಕ್ಕಿನಲ್ಲಿ ಎಂದು ಹೇಳಿದರೆ, ಇಷ್ಟು ಬೆಳಕು ಮರಳಬೇಕು ಎಂದು ಅವು ಉತ್ತರಿಸುತ್ತವೆ.

ಈ ವಿಚಾರಕ್ಕೆ ತಳಹದಿ ಹಾಕಿದವರು ಜಪಾನಿನ ಮಸಾಮಿ ಮೋನ್ಸಿ ಮತ್ತು ತೋಶಿರೋ ಸಾಯಕಿ ಎಂಬ ಸಸ್ಯವಿಜ್ಞಾನಿಗಳು. ಗಿಡಗಳ ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಬೆಳಕು ಹೇಗೆ ಕ್ಷೀಣಿಸುತ್ತ ಹೋಗುವುದೆಂಬುದನ್ನು ಅವರು 1953ರಲ್ಲಿ ಸೂತ್ರರೂಪದಲ್ಲಿ ತೋರಿಸಿಕೊಟ್ಟರು. ಎಲೆಗಳ ಒಟ್ಟು ಹರವು ನೆಲದ ಹರವಿನಷ್ಟೇ ಇದ್ದು, ಅವು ಎಲ್ಲೆಡೆಯೂ ಚದುರಿಕೊಂಡಿದ್ದರೆ, ಸಾಮಾನ್ಯ ಸ್ಥಿತಿಯಲ್ಲಿ ಮೇಲಿನ ಬೆಳಕಿನ ನೂರರಲ್ಲಿ 61 ಪಾಲು ನೆಲ ಮುಟ್ಟುತ್ತದೆ. ಎಲೆಯ ಹರವು ಎರಡರಷ್ಟಾದರೆ 37, ಮೂರರಷ್ಟಾದರೆ 22, ಐದರಷ್ಟಾದರೆ 8. ಜೋಳದ ಹೊಲಕ್ಕೂ ಗೋದಿಯ ಹೊಲಕ್ಕೂ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ.

ಶಹಾಪುರದ ಬೆಟ್ಟಕ್ಕೆ ಬಂದಾಗ ಅದು ಎಡವುತ್ತದೆ. ಇಲ್ಲಿ ಎಲೆಗಳು ಎಲ್ಲೆಡೆ ಚದುರಿಲ್ಲ. ಮರಗಳ ನೆತ್ತಿಯಲ್ಲಿ ಗುಂಪುಗೂಡಿವೆ. ನೆಲದಷ್ಟೇ ಹರವಿನ ಎಲೆಯನ್ನು ತೆಗೆದುಕೊಂಡು, ಅದನ್ನೆಲ್ಲ ನೂರಕ್ಕೆ ಇಪ್ಪತ್ತು ಪಾಲು ನೆಲದ ಮೇಲಿನ ಮರಗಳಲ್ಲಿಯೇ ಒಟ್ಟಿದೆವೆಂದು ಭಾವಿಸಬಹುದು. ಆಗ ಮರದ ಕೆಳಗೆ ಐದು ಪದರ ಎಲೆ. ಉಳಿದ ಎಂಬತ್ತು ಪಾಲು ನೆಲ ಬರಿದು. ನೆಟ್ಟಗೆ ಇಳಿಯುವ ಬಿಸಿಲಿನಲ್ಲಿ ನೆಲ ಮುಟ್ಟುವುದು 61 ಅಲ್ಲ, ಸುಮಾರು 82. ಎಲೆ ಅಷ್ಟೇ, ಹಂಚಿಕೆ ಬೇರೆ, ಉಪಗ್ರಹ ಕಾಣುವ ಮಣ್ಣಿನ ಪ್ರಮಾಣ ಎಷ್ಟೋ ಹೆಚ್ಚು. ಆದುದರಿಂದ ಬಿಡಿ ಮರಗಳ ಕಾಡಿಗೆ ಬೇರೊಂದು ಬಗೆಯ ಮಾದರಿ ಬೇಕಾಯಿತು. ಷಿಯಾವೆನ್ ಲೀ ಮತ್ತು ಅಲನ್ ಸ್ಟ್ರಾಹ್ಲರ್ ಎಂಬಿಬ್ಬರು 1985ರಲ್ಲಿ ಮುಂದಿಟ್ಟ ಮಾದರಿಯಲ್ಲಿ ಮರವೊಂದು ಶಂಕುವಿನಾಕಾರದ ಗಟ್ಟಿ ವಸ್ತು. ಚಿತ್ರಕಣವು ಬಿಸಿಲು ಬಿದ್ದ ನೆತ್ತಿ, ನೆರಳಾದ ನೆತ್ತಿ, ಬಿಸಿಲು ಬಿದ್ದ ನೆಲ, ನೆರಳಾದ ನೆಲ ಎಂಬ ನಾಲ್ಕರ ಮೊತ್ತ. ನೋಡಲು ಬಲು ಸರಳವಾದ ಉಪಾಯ. ಆದರೂ ನೆರಳಿಗೆ ಅದು ಕೊಟ್ಟ ಸ್ಥಾನವನ್ನು ಹಿಂದಿನ ಸೂತ್ರಗಳು ಕೊಟ್ಟಿರಲಿಲ್ಲ.

ನೆರಳಿನ ಮಹತ್ವವನ್ನು ತಿಳಿಯಲು ಯಂತ್ರವೇನೂ ಬೇಡ. ಬೆಳಗಿನ ಹೊತ್ತು ಯಾದಗಿರಿಯ ಕೋಟೆಯ ಮೇಲೆ ನಿಂತು ಪಡುವಣಕ್ಕೆ ನೋಡಿದವನಿಗೆ ಮರಗಳ ಬಿಸಿಲು ಬಿದ್ದ ಮಗ್ಗುಲೇ ಕಾಣುತ್ತದೆ. ನೆರಳು ಮರದ ಹಿಂದೆ ಅಡಗಿರುತ್ತದೆ. ಮೂಡಣಕ್ಕೆ ತಿರುಗಿದರೆ ಮರದ ಕಪ್ಪು ಮಗ್ಗುಲೂ ಅದರ ನೆರಳೂ ಇದಿರಾಗುತ್ತವೆ. ಒಂದೇ ಬಗೆಯ ಕುರುಚಲು ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಕಪ್ಪಾಗಿ ತೋರುತ್ತದೆ. ಉಪಗ್ರಹಗಳು ಸಾಮಾನ್ಯವಾಗಿ ಬೆಳಗಿನ ಹತ್ತು ಹತ್ತೂವರೆಯ ಸುಮಾರಿಗೆ ಈ ಸೀಮೆಯ ಮೇಲೆ ಹಾದುಹೋಗುತ್ತವೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 44 ಅಂಶ ಮೇಲಿರುವುದರಿಂದ ಆರು ಮೀಟರ್ ಮರಕ್ಕೆ ಆರು ಮೀಟರಿಗಿಂತ ತುಸು ಉದ್ದದ ನೆರಳು. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ಸುಮಾರು 68 ಅಂಶದಷ್ಟು ಏರಿರುತ್ತಾನೆ. ಅದೇ ಮರದ ನೆರಳು ಎರಡೂವರೆ ಮೀಟರ್ ಮೀರದು. ಮರ ಒಂದೂ ಹೆಚ್ಚದೆ ಒಂದೂ ಕಡಿಮೆಯಾಗದೆ ಚಿತ್ರ ಮಾತ್ರ ಬದಲಾಗುತ್ತದೆ.

ಮಣ್ಣಿನದು ಇನ್ನೂ ದೊಡ್ಡ ತೊಡಕು. ಹಸುರಿನ ಪ್ರಮಾಣವನ್ನು ತಿಳಿಯಲು ಎಲ್ಲೆಡೆ ಬಳಕೆಯಲ್ಲಿರುವ ಸೂಚ್ಯಂಕವೊಂದಿದೆ: ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದುದನ್ನು ಎರಡರ ಮೊತ್ತದಿಂದ ಭಾಗಿಸುವುದು. ತಿಳಿವಿಗಾಗಿ ಕೆಲವು ದುಂಡಾದ ಅಂಕಿಗಳನ್ನು ಹಿಡಿಯೋಣ. ಎಲೆಯು ಬಿದ್ದ ಕೆಂಪು ಬೆಳಕಿನ ನೂರರಲ್ಲಿ 5 ಪಾಲನ್ನು, ಅವಕೆಂಪಿನ ನೂರರಲ್ಲಿ 45 ಪಾಲನ್ನು ಮರಳಿಸಲಿ. ಬೆಟ್ಟದ ಕೆಂಪು ಮಣ್ಣು 20 ಮತ್ತು 28ನ್ನು, ಬಯಲಿನ ಎರೆಮಣ್ಣು 8 ಮತ್ತು 12ನ್ನು ಮರಳಿಸಲಿ. ಎರಡೂ ಕಡೆ ನೆಲದ ನೂರಕ್ಕೆ ಇಪ್ಪತ್ತು ಪಾಲು ಎಲೆ ಮುಚ್ಚಿರಲಿ. ಕೆಂಪು ನೆಲದಲ್ಲಿ ಸೂಚ್ಯಂಕ 0.30 ಬರುತ್ತದೆ, ಎರೆಯ ನೆಲದಲ್ಲಿ 0.43! ಹಸುರು ಸಮನಾಗಿಯೇ ಇದ್ದರೂ ಕಪ್ಪು ನೆಲದ ಮೇಲೆ ಅದು ಹೆಚ್ಚೆಂದು ತೋರಿತು. ಇನ್ನು ಅದೇ 0.43ನ್ನು ಕೆಂಪು ಮಣ್ಣಿನ ಬೆಟ್ಟದಲ್ಲಿ ಪಡೆಯಬೇಕಾದರೆ ನೂರಕ್ಕೆ ನಲವತ್ತು ಪಾಲು ಎಲೆ ಬೇಕು. ಅಂದರೆ ಒಂದೇ ಅಂಕಿ ಒಂದೆಡೆ ತೆರವು ಕಾಡನ್ನೂ, ಇನ್ನೊಂದೆಡೆ ಸಾಧಾರಣ ದಟ್ಟ ಕಾಡಿನ ಆರಂಭವನ್ನೂ ಸೂಚಿಸುತ್ತದೆ. ಸುರಪುರದಿಂದ ಶಹಾಪುರದವರೆಗೆ ರಸ್ತೆಯಲ್ಲಿ ಹೋಗುವವರು ಕೆಂಪು ನೆಲವೂ ಕಪ್ಪು ನೆಲವೂ ಹೇಗೆ ಬೆರೆತು ಬರುತ್ತವೆಂಬುದನ್ನು ಕಂಡಿರುತ್ತಾರೆ. ಈ ದೋಷವನ್ನು ತಗ್ಗಿಸಲು ಆಲ್ಫ್ರೆಡೋ ಹ್ಯೂಎಟೆ ಎಂಬ ವಿಜ್ಞಾನಿಯು 1988ರಲ್ಲಿ ಮಣ್ಣಿಗೆ ಹೊಂದಿಸಿದ ಸೂಚ್ಯಂಕವೊಂದನ್ನು ರೂಪಿಸಿದನು. ದೋಷ ತಗ್ಗಿತು, ಪೂರ್ತಿ ನೀಗಲಿಲ್ಲ.

ಹೀಗಿರುವಲ್ಲಿ ಮಾದರಿಯ ಮಾತನ್ನು ಪರೀಕ್ಷಿಸದೆ ನಂಬುವಂತಿಲ್ಲ. ಪರೀಕ್ಷೆಯ ಕ್ರಮ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಬಲು ಶ್ರಮದ್ದು. ಕಾಡಿನ ಒಂದು ತುಣುಕನ್ನು ಗುರುತು ಮಾಡಿಕೊಳ್ಳಬೇಕು. ಅದರೊಳಗಿನ ಪ್ರತಿಯೊಂದು ಮರ ಎಲ್ಲಿದೆ, ಎಷ್ಟು ಎತ್ತರ, ನೆತ್ತಿ ಎಷ್ಟು ಅಗಲ ಎಂದು ಬರೆದಿಡಬೇಕು. ಎಲೆ, ತೊಗಟೆ, ಮಣ್ಣುಗಳು ಬೆಳಕನ್ನು ಎಷ್ಟೆಷ್ಟು ಮರಳಿಸುತ್ತವೆಂಬುದನ್ನು ಬಿಳಿಯ ಹಲಗೆಯೊಂದಕ್ಕೆ ಹೋಲಿಸಿ ಅಳೆಯಬೇಕು. ಮರದಡಿಯಿಂದ ಆಕಾಶದ ಕಡೆಗೆ ಚಿತ್ರ ತೆಗೆದು ಹಂದರದ ಸಂದುಗಳನ್ನು ಎಣಿಸಬೇಕು. ಈ ಅಳತೆಗಳನ್ನೆಲ್ಲ ಮಾದರಿಗೆ ಊಡಿ, ಅದು ಹೇಳುವ ಅಂಕಿಯನ್ನು ಉಪಗ್ರಹ ಕಂಡ ಅಂಕಿಯೊಡನೆ ಹೋಲಿಸಬೇಕು. ನಡುವೆ ಗಾಳಿಯ ಧೂಳೂ ಮಂಜೂ ಬೆರೆಸಿದ ಬೆಳಕನ್ನು ಕಳೆಯಬೇಕು. ಗುರುತಿಸಿದ ತುಣುಕು ಚಿತ್ರದಲ್ಲಿ ಹತ್ತು ಮೀಟರ್ ಪಕ್ಕಕ್ಕೆ ಸರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇಂಥ ಕೆಲಸದಲ್ಲಿ ಹೆಸರು ಪಡೆದದ್ದು ಬಾಲ್ಟಿಕ್ ಸಮುದ್ರದ ದಡದ ಪುಟ್ಟ ದೇಶವಾದ ಎಸ್ಟೋನಿಯ. ಅಲ್ಲಿಯ ಯುಹಾನ್ ರಾಸ್ ಎಂಬ ವಿದ್ವಾಂಸನು ಗಿಡಗಳ ಗುಂಪಿನೊಳಗಿನ ಬೆಳಕಿನ ಶಾಸ್ತ್ರವನ್ನು ಕುರಿತು ಬರೆದ ಗ್ರಂಥವು 1981ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. 1991ರಲ್ಲಿ ಅದೇ ನಾಡಿನ ತೀತ್ ನಿಲ್ಸನ್ ಮತ್ತು ಉರ್ಮಾಸ್ ಪೀಟರ್ಸನ್ ಕಾಡಿನ ಪ್ರತಿಫಲನ ಮಾದರಿಯೊಂದನ್ನು ಅದರ ಪರೀಕ್ಷೆಯೊಡನೆಯೇ ಪ್ರಕಟಿಸಿದರು. ಬಳಿಕ ಯಾರ್ವ್‌ಸೆಲ್ಯ ಎಂಬಲ್ಲಿ ಪೈನ್, ಸ್ಪ್ರೂಸ್, ಬರ್ಚ್ ಮರಗಳ ಮೂರು ತೋಪುಗಳಲ್ಲಿ ನೂರು ಮೀಟರ್ ಚೌಕಗಳನ್ನು ಗುರುತಿಸಿ, ಆಂದ್ರೆಸ್ ಕೂಸ್ಕ್ ಮತ್ತು ಸಂಗಡಿಗರು ಒಂದೊಂದು ಮರವನ್ನೂ ಅಳೆದರು. ಆ ತೋಪುಗಳನ್ನು ಮೇಲಿನಿಂದ ನೋಡಿದ ಕಣ್ಣುಗಳಲ್ಲಿ ಯೂರೋಪಿನ ಪ್ರೋಬಾ ಎಂಬ ಪುಟ್ಟ ಉಪಗ್ರಹದ್ದೂ ಒಂದು. ಒಂದೇ ಸ್ಥಳವನ್ನು ಒಂದೇ ಹಾರಾಟದಲ್ಲಿ ಐದು ಕೋನಗಳಿಂದ ನೋಡಬಲ್ಲ ಉಪಕರಣ ಅದರಲ್ಲಿತ್ತು. ಒಂದು ಕೋನದಲ್ಲಿ ಸರಿಯೆನಿಸಿದ ಮಾದರಿ ಬೇರೆ ಕೋನದಲ್ಲಿ ಸಿಕ್ಕಿಬೀಳುವ ಸಂಭವವಿರುವುದರಿಂದ ಇದು ಕಠಿಣವಾದ ಪರೀಕ್ಷೆ. ಆ ಉಪಗ್ರಹವನ್ನು 2001ರ ಅಕ್ಟೋಬರ್ 22ರಂದು ಮೇಲಕ್ಕೆ ಒಯ್ದದ್ದು ಶ್ರೀಹರಿಕೋಟೆಯಿಂದ ಹಾರಿದ ಭಾರತದ ಪಿ.ಎಸ್.ಎಲ್.ವಿ. ರಾಕೆಟ್ಟು ಎಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬಹುದು.

1999ರಲ್ಲಿ ಇಟಲಿಯ ಇಸ್ಪ್ರಾದಲ್ಲಿರುವ ಯೂರೋಪಿನ ಸಂಶೋಧನ ಕೇಂದ್ರವು ಬೇರೆ ಬೇರೆ ಮಾದರಿಗಳಿಗೆ ಒಂದೇ ಕಾಲ್ಪನಿಕ ಕಾಡನ್ನು ಕೊಟ್ಟು ಉತ್ತರಗಳನ್ನು ಹೋಲಿಸುವ ಕಾರ್ಯವನ್ನು ಆರಂಭಿಸಿತು. ಮೊದಲು ಉತ್ತರಗಳು ಚದುರಿದ್ದವು. ಮುಂದಿನ ಸುತ್ತುಗಳಲ್ಲಿ ಉತ್ತಮ ಮಾದರಿಗಳು ಬಹಳ ಹತ್ತಿರ ಬಂದವು. ಆದರೆ ಮಾದರಿಗಳು ತಮ್ಮತಮ್ಮಲ್ಲಿ ಒಪ್ಪುವುದು ಬೇರೆ, ಕಾಡಿನೊಡನೆ ಒಪ್ಪುವುದು ಬೇರೆ. ಇಲ್ಲಿ ಇನ್ನೊಂದು ಅಪಾಯವೂ ಇದೆ. ಮಣ್ಣಿನ ಅಂಕಿಯನ್ನು ಸ್ವಲ್ಪ ತಿದ್ದಿ, ಎಲೆಯ ಅಂಕಿಯನ್ನು ಸ್ವಲ್ಪ ತಿದ್ದಿ, ಯಾವ ಮಾದರಿಯನ್ನಾದರೂ ಉಪಗ್ರಹದ ಅಂಕಿಗೆ ತಂದು ನಿಲ್ಲಿಸಬಹುದು. ಪಾಟಿಯ ಹಿಂದಿನ ಉತ್ತರ ನೋಡಿ ಲೆಕ್ಕ ಬಿಡಿಸುವ ಹುಡುಗನ ಜಾಣತನವೇ ಇದೂ. ತಿದ್ದುವುದಕ್ಕೆ ಬಳಸಿದ ತೋಪನ್ನು ಬಿಟ್ಟು ಬೇರೆಯ ತೋಪಿನಲ್ಲಿ ಪರೀಕ್ಷೆ ಮಾಡಿದಾಗಲೇ ನಿಜ ಹೊರಬೀಳುವುದು.

ಕರ್ನಾಟಕದಲ್ಲಿ ಮರಮರವನ್ನೂ ಅಳೆದು ದೀರ್ಘಕಾಲ ನೋಡಿಕೊಂಡ ತಾಣವೆಂದರೆ ಕೊಡಗಿನ ಉಪ್ಪಂಗಳ. ಪುದುಚೇರಿಯ ಫ್ರೆಂಚ್ ಸಂಸ್ಥೆಯು ರಾಜ್ಯದ ಅರಣ್ಯ ಇಲಾಖೆಯ ಸಹಕಾರದಿಂದ 1990ರ ಸುಮಾರಿಗೆ ಅದನ್ನು ಗುರುತಿಸಿತು. ಅಲ್ಲಿಯದು ನಿತ್ಯಹರಿದ್ವರ್ಣ ಕಾಡು. ನೆಲ ಕಾಣುವುದೇ ಇಲ್ಲವಾದ್ದರಿಂದ ಮಣ್ಣಿನ ತೊಡಕಿಲ್ಲ. ಆದರೆ ಎಲೆಯ ಪದರ ಮೂರು ನಾಲ್ಕನ್ನು ಮೀರಿದ ಮೇಲೆ ಸೂಚ್ಯಂಕ ಏರುವುದನ್ನೇ ನಿಲ್ಲಿಸುವುದರಿಂದ ಬೇರೆಯ ತೊಡಕು ಎದುರಾಗುತ್ತದೆ. ಅದಕ್ಕಾಗಿ ಸಂಶೋಧಕರು ಬಣ್ಣವನ್ನು ಬಿಟ್ಟು, ಸೂಕ್ಷ್ಮ ಚಿತ್ರಗಳಲ್ಲಿ ನೆತ್ತಿಗಳು ಉಂಟುಮಾಡುವ ಉಬ್ಬುತಗ್ಗಿನ ನೇಯ್ಗೆಯನ್ನು ಅಳೆಯತೊಡಗಿದರು. ಇಂಥ ನೇಯ್ಗೆಯ ಅರ್ಥವನ್ನು ಪರಿಶೀಲಿಸಲು, ಗಣಕದಲ್ಲಿ ಕಟ್ಟಿದ ಕಾಡಿನ ಮೇಲೆ ಬಿಸಿಲು ಹಾಯಿಸಿ ನೋಡುವ, ಫ್ರಾನ್ಸಿನ ತುಲೂಸಿನಲ್ಲಿ ಬೆಳೆದ ಮಾದರಿಯೊಂದು ನೆರವಾಯಿತು.

ಯಾದಗಿರಿ ಸೀಮೆಗೆ ಬೇಕಾದುದು ಋತುಗಳ ತಿಳಿವಳಿಕೆ. ಅರಣ್ಯ ಸರ್ವೇಕ್ಷಣೆಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಚಿತ್ರಗಳನ್ನು ಆರಿಸುತ್ತಾರೆ. ಆಕಾಶ ತಿಳಿಯಾಗಿರುತ್ತದೆ, ಎಲೆ ಇನ್ನೂ ಉದುರಿರುವುದಿಲ್ಲ. ಆದರೆ ಆಗ ಮರದಡಿಯ ಹುಲ್ಲೂ ಪೊದೆಯೂ ಹಸುರಾಗಿರಬಹುದು, ಬೆಟ್ಟದಂಚಿನ ಬೆಳೆಯೂ ಹಸುರಾಗಿರಬಹುದು. ನಾರಾಯಣಪುರದ ಜಲಾಶಯದ ಎಡದಂಡೆ ಕಾಲುವೆಯ ನೀರು ಸುರಪುರ ಶಹಾಪುರಗಳ ಹೊಲಗಳಿಗೆ ಬಂದಂದಿನಿಂದ ಭತ್ತದ ಗದ್ದೆಗಳು ಬೆಟ್ಟದ ಬುಡದವರೆಗೂ ಹಬ್ಬಿವೆ. ಭತ್ತದ ಎಲೆಯೂ ಅವಕೆಂಪಿನಲ್ಲಿ ಬೆಳ್ಳಗೇ ಇರುತ್ತದೆ. ಒಂದು ಚಿತ್ರದಿಂದ ಬಿಡಿಸಲಾಗದ ಈ ಗಂಟು ವರ್ಷದ ಹಲವು ಚಿತ್ರಗಳಿಂದ ಸಡಿಲುತ್ತದೆ. 2015ರಿಂದ ಹಾರುತ್ತಿರುವ ಯೂರೋಪಿನ ಸೆಂಟಿನೆಲ್-2 ಸರಣಿಯ ಉಪಗ್ರಹಗಳು ಹತ್ತು ಮೀಟರ್ ಚಿತ್ರಕಣದಲ್ಲಿ ಐದೈದು ದಿನಗಳಿಗೊಮ್ಮೆ ಇದೇ ನೆಲವನ್ನು ನೋಡುತ್ತವೆ. ಅವುಗಳಲ್ಲಿ ಭತ್ತ ಕೊಯ್ಲಿನೊಡನೆ ಒಮ್ಮೆಗೇ ಮಾಯವಾಗುತ್ತದೆ. ದಿಂಡಿಗ ಚಳಿಗಾಲ ಕಳೆಯುವಾಗ ಮೆಲ್ಲಮೆಲ್ಲನೆ ಬಡವಾಗುತ್ತದೆ. ಮುತ್ತುಗವೋ ಎಲೆಯುದುರಿಸಿ ಕೆಂಡದ ಬಣ್ಣದ ಹೂವನ್ನು ಹೊತ್ತು ನಿಲ್ಲುತ್ತದೆ. ಪಾಪ, ಬಹುಪಾಲು ಮಾದರಿಗಳ ಲೆಕ್ಕದಲ್ಲಿ ಹೂವಿಗೆ ಸ್ಥಳವೇ ಇಲ್ಲ!

ಬೇಸಗೆಯಲ್ಲಿಯೂ ಹಸುರಾಗಿ ಉಳಿಯುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಮರ ಪಾಳುಬಿದ್ದ ಹೊಲಗಳನ್ನೂ ಕೆರೆಯಂಗಳಗಳನ್ನೂ ಆಕ್ರಮಿಸಿದೆ. ಅದರ ಒತ್ತು ಪೊದೆಗಳು ಸೂಚ್ಯಂಕದಲ್ಲಿ ಒಳ್ಳೆಯ ಕಾಡಿನಂತೆ ತೋರುತ್ತವೆ. ಇತ್ತ ಬಂಡೆಗಳ ಸಂದಿನಲ್ಲಿ ತಲೆತಲಾಂತರದಿಂದ ಬೆಳೆದುಬಂದ ದಿಂಡಿಗ, ಕಗ್ಗಲಿಗಳ ತೆರವು ಕಾಡು ಹತ್ತು ಪಾಲಿನ ಗೆರೆಯ ಕೆಳಗೆ ಬಿದ್ದು ಕುರುಚಲೆನಿಸುತ್ತದೆ. ಹೈದರಾಬಾದಿನ ದೂರಸಂವೇದನ ಕೇಂದ್ರವು 2000ದಿಂದ ಹೊರತರುತ್ತ ಬಂದಿರುವ ಬಂಜರು ಭೂಮಿಯ ನಕ್ಷಾಸಂಪುಟಗಳಲ್ಲಿ ಕುರುಚಲು ನೆಲವು ಬಂಜರಿನ ಒಂದು ವಿಭಾಗವಾಗಿಯೇ ಎಣಿಕೆಯಾಗುತ್ತದೆ. ಬಂಜರೆಂದು ಹೆಸರಾದ ನೆಲವನ್ನು ಬೇರೆಯ ಕೆಲಸಕ್ಕೆ ಕೇಳುವವರು ಬೇಗ ಬರುತ್ತಾರೆ. ಆ ನೆಲದಲ್ಲಿ ಕುರಿ ಮೇಯಿಸುವವನನ್ನು ಕೇಳುವವರು ಕಡಿಮೆ. ಆದುದರಿಂದ ಕೆಂಪು ಮಣ್ಣಿನ ಪ್ರತಿಫಲನಾಂಕ 20ರ ಬದಲು 17 ಎಂದು ಹಿಡಿದರೆ ಏನಾಗುತ್ತದೆ, ನೆರಳನ್ನು ಮಣ್ಣಿನೊಡನೆ ಸೇರಿಸಬೇಕೋ ಮರದೊಡನೆ ಸೇರಿಸಬೇಕೋ ಎಂಬ ಪ್ರಶ್ನೆಗಳು ಪ್ರಯೋಗಶಾಲೆಯ ಒಳಗೇ ಉಳಿಯುವಂಥವಲ್ಲ. ಶಹಾಪುರದ ಬೆಟ್ಟದಲ್ಲಿ ಹೆಕ್ಟೇರೊಂದನ್ನು ಹಗ್ಗ ಹಿಡಿದು ಗುರುತಿಸಿ, ಅದರೊಳಗಿನ ಮರಗಳು ನಲವತ್ತೋ ಐವತ್ತೋ ಎಂದು ಎಣಿಸಿ, ಒಂದೊಂದರ ನೆತ್ತಿಯ ಅಗಲವನ್ನೂ ಬುಡದ ಮಣ್ಣಿನ ಬಣ್ಣವನ್ನೂ ಬರೆದುಕೊಂಡು, ನವೆಂಬರಿನಲ್ಲೊಮ್ಮೆ ಏಪ್ರಿಲಿನಲ್ಲೊಮ್ಮೆ ಅದೇ ಮರಗಳ ಬಳಿಗೆ ಹೋದರೆ, ಮಾದರಿ ಹೇಳಿದ ಅಂಕಿಯನ್ನೂ ಉಪಗ್ರಹ ಕಂಡ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.